ಮೈಗಳ್ಳನ ಎದೆನೋವು

ಇಸ್ತ್ರಿಯಕ್ಕನ ಗಂಡನಿಗೆ ಕಾಯಿಲೆ ಬರುತ್ತಿದ್ದದ್ದು ಸೋಮವಾರ. ಮಂಗಳವಾರ ಬಂದ ಉದಾಹರಣೆ ಇಲ್ಲ. ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದ ಪಕ್ಕದ ಲಾಡ್ಜಿನಿಂದ ವಾರದ ಹಾಸುಬಟ್ಟೆ, ಹೊದಿಕೆ, ದಿಂಬಿನ ಗವಸು ಎಲ್ಲ ಸೇರಿ ಆರು ಮೂಟೆ ಅವರ ಲಾಂಡ್ರಿಯ ಬಾಗಿಲಿಗೆ ಬಂದು ಬೀಳುತ್ತಿದ್ದವು. ವ್ಯಾನ್ ಬೀದಿಯ ಮೂಲೆ ತಿರುಗಿತೆಂದರೆ ಸಾಕು, ಮೇಲಿನ ಕೋಣೆಯಿಂದ ನರಳಾಟ ಶುರು. ಒಂದು ವಾರ ಸೊಂಟ, ಒಂದು ವಾರ ತಲೆ, ಮತ್ತೊಂದು ವಾರ ಹೆಸರಿಲ್ಲದ ಒಂದು ಸಂಕಟ, ಹೊಟ್ಟೆಯಲ್ಲಿ ಹುಟ್ಟಿ ಮೊಣಕಾಲಿನ ಹತ್ತಿರ ಎಲ್ಲೋ ಮಾಯವಾಗುವಂಥದ್ದು. ಒಮ್ಮೆ ಹಲ್ಲುನೋವೆಂದು ಎಡಗೆನ್ನೆ ಹಿಡಿದು ಕೂತವನು ಮಧ್ಯಾಹ್ನದ ಹೊತ್ತಿಗೆ ಮರೆತು ಬಲಗೆನ್ನೆ ಹಿಡಿದುಕೊಂಡಿದ್ದ.

ಬೀದಿಯವರು ಅವನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದರು. ಲಾಂಡ್ರಿಯ ಕೌಂಟರಿನಲ್ಲಿ ಕೂರುವುದು ಅವನ ಪಾಲಿನ ಕೆಲಸ. ಬಟ್ಟೆ ಯಾವಾಗ ಸಿಗುತ್ತದೆ ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ. ಕೌಂಟರಿನ ಹಿಂದೆ, ಗೋಡೆಯ ಆಚೆ, ಎರಡು ವಾಷಿಂಗ್ ಮೆಷಿನ್, ಒಂದು ಪುಟ್ಟ ಬಾಯ್ಲರ್, ಬಾಯ್ಲರಿನಿಂದ ಹೊರಟ ಪೈಪಿನ ತುದಿಯಲ್ಲಿ ಹಬೆಯ ಇಸ್ತ್ರಿಪೆಟ್ಟಿಗೆ, ಆ ಪೆಟ್ಟಿಗೆಯ ಹಿಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಇಸ್ತ್ರಿಯಕ್ಕನ ಬಲಗೈ. ಮೇಲೆ, ಹದಿನೇಳು ಮೆಟ್ಟಿಲು ಹತ್ತಿದರೆ, ಗಂಡ ಹೆಂಡತಿಯ ಮನೆ.

ಗಂಡ ಮೈಗಳ್ಳ ಎಂಬುದು ಮದುವೆಯಾದ ಮೂರನೇ ವಾರಕ್ಕೇ ಅವಳಿಗೆ ತಿಳಿದಿತ್ತು. ಮೊದಲ ಎರಡು ವಾರ ಪಾಪ, ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದಳು. ಮೂರನೇ ವಾರ ಒಂದು ಪರೀಕ್ಷೆ ಕಂಡುಹಿಡಿದಳು. ಮೆಟ್ಟಿಲ ಬುಡದಲ್ಲಿ ನಿಂತು, ಯಾರಿಗೂ ಅಲ್ಲವೆಂಬಂತೆ, "ಎದುರಿನ ಸಲೂನಲ್ಲಿ ಇಸ್ಪೀಟಿಗೆ ಒಂದು ಕೈ ಕಮ್ಮಿಯಂತೆ, ಪಾಪ" ಎಂದು ಗಟ್ಟಿಯಾಗಿ ಹೇಳುವುದು. ಅಷ್ಟೇ. ಮೇಲೆ ಮಂಚ ಕಿರುಗುಟ್ಟುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಸಾಯುತ್ತಿದ್ದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೆಟ್ಟಿಲಿಳಿದು, "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ ಕಣೇ, ಒಳಗೆ ಉಸಿರು ಕಟ್ತಿದೆ" ಎನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಈ ಪರೀಕ್ಷೆ ಒಮ್ಮೆಯೂ ತಪ್ಪಿರಲಿಲ್ಲ. ಅವಳು ಅವನನ್ನು ಬೈಯುತ್ತಿದ್ದಳು, ಅವನು ಬೈಸಿಕೊಳ್ಳುತ್ತಿದ್ದ, ಸಂಜೆ ಇಬ್ಬರೂ ಒಟ್ಟಿಗೆ ಕೂತು ಅದೇ ಮಾತಿಗೆ ನಗುತ್ತಿದ್ದರು. ಸಂಸಾರ ಎಂದರೆ ಇನ್ನೇನು.

ಎದೆನೋವು ಬಂದದ್ದೂ ಸೋಮವಾರವೇ. ಅವನ ಗ್ರಹಚಾರ.

ಆ ದಿನ ಅವನು ನರಳಲಿಲ್ಲ. ಮೆಟ್ಟಿಲ ಮೇಲ್ತುದಿಗೆ ಬಂದು ಕಂಬಿ ಹಿಡಿದು ನಿಂತು, "ಲೇ, ಎದೆ ಯಾಕೋ ಒಂಥರಾ ಆಗ್ತಿದೆ" ಎಂದ. ಅವಳು ಬ್ಯಾಂಕಿನ ಮ್ಯಾನೇಜರನ ಅಂಗಿಗಳ ಮುಂದೆ ನಿಂತಿದ್ದಳು. ತಲೆ ಎತ್ತಲೂ ಇಲ್ಲ.

"ಎದೆಗೆ ಬಂತಾ? ಒಳ್ಳೇದಾಯ್ತು ಬಿಡಿ. ಸೊಂಟಕ್ಕೂ ಒಂದು ರಜಾ ಬೇಕಲ್ಲ."

ಅವನು ಒಳಗೆ ಹೋದ. ಅವಳು ರೂಢಿಯಂತೆ ಮೆಟ್ಟಿಲ ಬುಡಕ್ಕೆ ಹೋಗಿ ಸಲೂನಿನ ಇಸ್ಪೀಟಿನ ಸುದ್ದಿ ಸಾರಿದಳು. ಮಂಚ ಸದ್ದು ಮಾಡಲಿಲ್ಲ. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಸಾರಿದಳು. ಆಗಲೂ ಇಲ್ಲ. ಇಪ್ಪತ್ತಾರು ವರ್ಷ ಒಂದೇ ಉತ್ತರ ಕೊಟ್ಟ ಪರೀಕ್ಷೆ ಅಂದು ಬೇರೆ ಉತ್ತರ ಕೊಟ್ಟಾಗ ಅವಳು ನಂಬದೆ ಹೋದದ್ದು ಪರೀಕ್ಷೆಯನ್ನು. 'ಬರಬರುತ್ತಾ ರಾಯರ ನಾಟಕ ಜೋರಾಗ್ತಿದೆ' ಎಂದುಕೊಂಡು ಇಸ್ತ್ರಿಗೆ ಮರಳಿದಳು. ಮ್ಯಾನೇಜರನ ಅಂಗಿಗಳು ಹನ್ನೊಂದು. ಕಾಲರು, ಭುಜ, ತೋಳು, ಬೆನ್ನು, ಎಲ್ಲ ಸೇರಿ ಅಂಗಿಗೆ ನಾಲ್ಕು ನಿಮಿಷ. ಹನ್ನೊಂದನೆಯದನ್ನು ಹ್ಯಾಂಗರಿಗೆ ಹಾಕಿ, ಮುಖ ತೊಳೆದು, ಬೈಯುವುದಕ್ಕೆಂದು ಮೇಲೆ ಹೋದವಳು ಬೈಯಲಿಲ್ಲ. ಅವನು ನೆಲದ ಮೇಲೆ ಗೋಡೆಗೊರಗಿ ಕೂತಿದ್ದ. ಮುಖ ಬೆಳ್ಳಗಾಗಿತ್ತು, ಬೆವರಿದ ಬನಿಯನ್ ಹಿಂಡಿದರೆ ನೀರು ಬರುವಂತಿತ್ತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಅದು. "ನೋವು ಶುರುವಾಗಿ ಎಷ್ಟು ಹೊತ್ತಾಯ್ತಮ್ಮ?"

"ಈಗಷ್ಟೇ" ಎಂದಳು ಇಸ್ತ್ರಿಯಕ್ಕ. "ಹತ್ತು ನಿಮಿಷ ಆಗಿರಬಹುದು. ಕೂಡಲೇ ಕರ್ಕೊಂಡು ಬಂದೆ."

ಸ್ಟ್ರೆಚರ್ ಮೇಲೆ, ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕಿನ ಒಳಗಿಂದ, ಅವನೂ ಹೌದೆಂದು ತಲೆಯಾಡಿಸಿದ. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತ ಅವಳ ಎದೆಯ ಮೇಲೆ ಹನ್ನೊಂದು ಅಂಗಿಗಳು ಒಂದರ ಮೇಲೊಂದು ಬಂದು ಕೂತವು. ಅವಳು ಎದ್ದರೂ ಅವು ಏಳಲಿಲ್ಲ.

ಎರಡು ಗಂಟೆಯ ನಂತರ ಹೃದಯದ ಡಾಕ್ಟರು ಹೊರಗೆ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಬಿಳಿ ಕೋಟಿನ ಎಡತೋಳಿಗೆ ಯಾರೋ ಅಡ್ಡಾದಿಡ್ಡಿ ಇಸ್ತ್ರಿ ಮಾಡಿದ್ದರು. "ಕಟ್ಟಿಕೊಂಡಿದ್ದ ನಾಳ ತೆರೆದಿದ್ದೀವಿ. ಸ್ಟೆಂಟ್ ಹಾಕಿದೆ" ಎಂದರು. ಮುಂದೆ ಇನ್ನೇನೋ ಹೇಳುವಂತಿತ್ತು, ಅಷ್ಟರಲ್ಲಿ ವಿಷಯ ತಿಳಿದು ಓಡಿಬಂದಿದ್ದ ನಾದಿನಿ, ಗಂಡನ ತಂಗಿ, ಫೋನು ಹಿಡಿದು ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಲು ಶುರು ಮಾಡಿಯಾಗಿತ್ತು. ನಾದಿನಿ ಶಾಲೆಯಲ್ಲಿ ಆಟ ಕಲಿಸುವ ಟೀಚರು. ಕೊರಳಲ್ಲಿ ಸದಾ ಸೀಟಿ. ಅವಳು ಪಿಸುಗುಟ್ಟಿದರೆ ಮೈದಾನದ ಆಚೆ ಕೇಳಿಸುತ್ತದೆ. "ತೆರೀತಂತೆ! ಫುಲ್ ತೆರೀತಂತೆ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ವಾರ್ಡಿನವರೂ ಸಂತೋಷಪಟ್ಟರು.

ನಾಲ್ಕನೆಯ ದಿನ ಮನೆಗೆ ಕಳಿಸುವಾಗ ಇಸ್ತ್ರಿಯಕ್ಕ ಮಾತ್ರೆ ತರಲು ಕೆಳಗೆ ಹೋಗಿದ್ದಳು. ಅದೇ ಹೊತ್ತಿಗೆ ಡಾಕ್ಟರು ವಾರ್ಡಿಗೆ ಬಂದು ಹೇಳುವುದನ್ನೆಲ್ಲ ಅವನೊಬ್ಬನಿಗೇ ಹೇಳಿ, ಕಾಗದ ಕೊಟ್ಟು ಹೋಗಿದ್ದರು. ಅವಳು ಬಂದು ಕೇಳಿದಾಗ, "ಏನಿಲ್ಲ ಕಣೇ, ಉಪ್ಪು ಕಮ್ಮಿ, ಮಾತ್ರೆ ಟೈಮಿಗೆ ಸರಿಯಾಗಿ, ಅಷ್ಟೇ" ಎಂದ. ಅವಳ ಎದೆಯ ಮೇಲಿಂದ ಒಂದೆರಡು ಅಂಗಿ ಇಳಿದಂತಾಯಿತು.

"ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರೆ ಅತ್ತಿಗೆ" ಎಂದಳು ನಾದಿನಿ. "ಅಣ್ಣ ಇನ್ನು ನಮ್ಮನ್ನೆಲ್ಲ ಕಳಿಸಿಯೇ ಹೋಗೋದು. ಪೈಪು ತೆರೆದಾಯ್ತಲ್ಲ, ಇನ್ನೇನು? ದಿನಾ ವಾಕಿಂಗ್ ಮಾಡಿಸೋ ಜವಾಬ್ದಾರಿ ನಂದು."

ಇಸ್ತ್ರಿಯಕ್ಕ ಬೇರೆಯದಕ್ಕೆ ತಯಾರಾಗಿದ್ದಳು. ಇಪ್ಪತ್ತಾರು ವರ್ಷ ಇಲ್ಲದ ಸೊಂಟನೋವಿಗೆ ರಜಾ ಹಾಕಿದವನ ಕೈಗೆ ಈಗ ಆಸ್ಪತ್ರೆಯ ಮೊಹರು ಬಿದ್ದ, ಸ್ಟೆಂಟು ಸಮೇತದ ಕಾಯಿಲೆ ಸಿಕ್ಕಿದೆ. ಇದೊಂದನ್ನೇ ಇಟ್ಟುಕೊಂಡು ಈ ಮನುಷ್ಯ ಸಾಯುವ ತನಕ ಮಂಚ ಬಿಟ್ಟು ಇಳಿಯುವುದಿಲ್ಲ ಎಂದು ಅವಳ ಲೆಕ್ಕ. ಬೈಯಬಾರದು ಎಂದು ಹಲ್ಲು ಕಚ್ಚಿ ತೀರ್ಮಾನಿಸಿದ್ದಳು. ಕನಿಷ್ಠ ಆರು ತಿಂಗಳು.

ಎಂಟನೆಯ ದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಕಳ್ಳರು ಎಂದುಕೊಂಡು ಹ್ಯಾಂಗರ್ ಹಿಡಿದು ಇಳಿದು ಬಂದರೆ ಗಂಡ ಕೌಂಟರ್ ಒರೆಸುತ್ತಿದ್ದ. "ಬೇಗ ಎಚ್ಚರ ಆಯ್ತು" ಎಂದ. ಅವಳಿಗೆ ಹ್ಯಾಂಗರನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಅದು ದಿನಚರಿಯೇ ಆಯಿತು. ಕೂತಲ್ಲೇ ಟವೆಲು ಮಡಿಸಿದ. ಚೀಟಿಗಳನ್ನು ನಂಬರಿನ ಪ್ರಕಾರ ಜೋಡಿಸಿದ. ಗಿರಾಕಿ ಕೇಳಿದರೆ, "ಸಂಜೆ ಆರಕ್ಕೆ ಬನ್ನಿ" ಎಂದ, ಆರಕ್ಕೆ ಬಂದವರಿಗೆ ಬಟ್ಟೆಯನ್ನೂ ಕೊಟ್ಟ. ಗಿರಾಕಿಗಳು ಗಾಬರಿಯಾದರು. ಎದುರಿನ ಸಲೂನಿನವನಂತೂ ಬಾಗಿಲಲ್ಲಿ ಬಂದು ನಿಂತು ಕತ್ತರಿ ಆಡಿಸುತ್ತ, "ಅಕ್ಕಾ, ಆ ಡಾಕ್ಟರ ವಿಳಾಸ ಕೊಡಿ. ನನ್ನ ಭಾಮೈದನಿಗೂ ಒಂದು ಹಾರ್ಟ್ ಅಟ್ಯಾಕ್ ಮಾಡಿಸ್ಬೇಕು" ಎಂದ. ನಾದಿನಿ ದಿನಾ ಸಂಜೆ ಸೀಟಿ ಊದಿಕೊಂಡು ಬಂದು ಅಣ್ಣನನ್ನು ಬೀದಿಯ ತುದಿಯವರೆಗೆ ನಡೆಸಿ ತಂದು, "ಹೊಸ ಮನುಷ್ಯ ಆಗಿದ್ದಾನೆ ಅತ್ತಿಗೆ" ಎಂದಳು. ಇಸ್ತ್ರಿಯಕ್ಕ ಎರಡು ದಿನ ಹಿಗ್ಗಿದಳು. ಮೂರನೆಯ ದಿನ ಅವಳಿಗೆ ಹೆದರಿಕೆ ಶುರುವಾಯಿತು.

ನಾಯಿಬಾಲ ತಾನಾಗಿ ನೆಟ್ಟಗಾದರೆ ಯಾರಾದರೂ ನಾಯಿಯ ಬಗ್ಗೆ ಯೋಚಿಸಬೇಕಲ್ಲವೇ? ಈ ಮನುಷ್ಯ ಹಲ್ಲುನೋವು ಇಲ್ಲದಾಗ ಮೂರು ಬೀದಿಗೆ ಕೇಳುವಂತೆ ನರಳಿದವನು. ಈಗ ಏನೂ ನೋವಿಲ್ಲ ಎನ್ನುತ್ತಾನೆ. ಎಂಟನೆಯ ಮೆಟ್ಟಿಲಿಗೆ ಬಂದು ನಿಂತು ಬಲ್ಬು ನೋಡುತ್ತಾನೆ. "ಇದು ಮಿಣಮಿಣ ಅಂತಿದೆ, ಬದಲಾಯಿಸ್ಬೇಕು" ಎನ್ನುತ್ತಾನೆ. ಹತ್ತುವಾಗಲೂ ಎಂಟಕ್ಕೆ, ಇಳಿಯುವಾಗಲೂ ಎಂಟಕ್ಕೆ. ಬಲ್ಬಿಗೆ ಏನೂ ಆಗಿರಲಿಲ್ಲ. ಅವಳು ಏಣಿ ಹಾಕಿ ನೋಡಿದಳು.

ಅವಳಿಗೆ ಗಟ್ಟಿಯಾಗಿ ಗೊತ್ತಾದದ್ದು ಹಾಸುಬಟ್ಟೆಯಿಂದ. ಓದುಬರಹ ಅವಳಿಗೆ ಅಷ್ಟಕ್ಕಷ್ಟೆ, ಸುಕ್ಕು ಓದುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಲಾಡ್ಜಿನ ಹಾಸುಬಟ್ಟೆ ನೋಡಿ ಯಾರು ಒಬ್ಬರೇ ಮಲಗಿದ್ದರು, ಯಾರು ಒಬ್ಬರೇ ಎಂದು ಬರೆಸಿ ಇಬ್ಬರು ಮಲಗಿದ್ದರು, ಯಾರು ರಾತ್ರಿಯಿಡೀ ಹೊರಳಾಡಿದರು ಎಂದು ಹೇಳಬಲ್ಲವಳು. ಆ ಗುರುವಾರ ತಮ್ಮದೇ ಮಂಚದ ಹಾಸುಬಟ್ಟೆ ಒಗೆಯಲು ತೆಗೆದಾಗ ಅವಳ ಕಡೆಯ ಅರ್ಧ ಎಂದಿನಂತೆ ಮುದುಡಿತ್ತು. ಅವನ ಕಡೆಯ ಅರ್ಧ, ವಾರದ ಹಿಂದೆ ಅವಳು ಇಸ್ತ್ರಿ ಮಾಡಿ ಹಾಸಿದಂತೆಯೇ, ಮಡಿಕೆಯ ಗೆರೆ ಸಮೇತ ಇತ್ತು. ಕಿಟಕಿಯ ಹತ್ತಿರದ ಕುರ್ಚಿಯ ಬಟ್ಟೆ ಮಾತ್ರ ಹಿಂದಕ್ಕೆ ಒರಗಿ ಒರಗಿ ನಜ್ಜುಗುಜ್ಜಾಗಿತ್ತು. ಅವನು ಮಲಗುತ್ತಿರಲಿಲ್ಲ. ಅವಳಿಗೆ ನಿದ್ದೆ ಬರುವ ತನಕ ಮಂಚದ ಅಂಚಿನಲ್ಲಿ ಕೂತಿದ್ದು, ಆಮೇಲೆ ಎದ್ದು ಹೋಗಿ, ಬೆಳಗಿನ ತನಕ ಕುರ್ಚಿಯಲ್ಲಿ ಕೂತಿರುತ್ತಿದ್ದ. ಹಾಗಾದರೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತಿದ್ದದ್ದು ಹೀಗೆ. ಹಾಸುಬಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟಳು.

ಕೇಳಿದರೆ ಹೇಳುವ ಪ್ರಾಣಿಯಲ್ಲ. ಅವಳು ಹುಡುಕಿದಳು. ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಲಾಂಡ್ರಿಯಲ್ಲಿ ಕೆಲಸ ಮಾಡುವ ಯಾರಿಗೇ ಆಗಲಿ ಮೊದಲ ದಿನವೇ ಕಲಿಸುವ ಪಾಠ ಒಂದೇ: ಜೇಬು ನೋಡದೆ ಬಟ್ಟೆ ನೀರಿಗೆ ಹಾಕಬೇಡ. ಇಸ್ತ್ರಿಯಕ್ಕ ಜೇಬುಗಳಲ್ಲಿ ಕಾಣದ್ದಿಲ್ಲ. ಪ್ರೇಮಪತ್ರ, ಮಾತ್ರೆ, ಒಮ್ಮೆ ಒಬ್ಬ ವಕೀಲರ ಕೆಳಗಿನ ದವಡೆಯ ಹಲ್ಲಿನ ಸೆಟ್ಟು. ಯಾವ ಜೇಬೂ ಅವಳ ಬೆರಳಿಗೆ ಸಿಗದೆ ಈ ಮನೆಯಲ್ಲಿ ಉಳಿಯುವುದಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ ಯಾರೂ ಬಂದು ಕೇಳದ ಬಟ್ಟೆಗಳ ಸಾಲೊಂದಿತ್ತು. ಅದರಲ್ಲಿ ಮೂರು ವರ್ಷದಿಂದ ನೇತಾಡುತ್ತಿದ್ದ ಒಂದು ಕಂದು ಕೋಟಿನ ಒಳಜೇಬಿನಲ್ಲಿ ಆಸ್ಪತ್ರೆಯ ಕಾಗದ ನಾಲ್ಕಾಗಿ ಮಡಿಸಿ ಕೂತಿತ್ತು. ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಕಳೆದೂ ಒಂದು ಗುಟ್ಟನ್ನು ಜೇಬಿನಲ್ಲಿ ಮುಚ್ಚಿಡಬೇಕಾದರೆ, ಆ ಮನುಷ್ಯ ಒಂದು ದಿನವಾದರೂ ಜೇಬು ನೋಡುವ ಕೆಲಸ ಮಾಡಿರಬಾರದು. ಅವಳಿಗೆ ಅಳುವೂ ಬಂತು, ನಗುವೂ ಬಂತು. ಎರಡರಲ್ಲಿ ಯಾವುದಕ್ಕೂ ಪುರುಸೊತ್ತು ಕೊಡದೆ ಕಾಗದ ಬಿಡಿಸಿದಳು.

ಮೇಲಿನದೆಲ್ಲ ಡಾಕ್ಟರುಗಳ ಭಾಷೆ. ಕೆಳಗೆ ಎಲ್ಲರಿಗೂ ತಿಳಿಯುವಂತೆ ಅಚ್ಚು ಹಾಕಿದ ಸಾಲುಗಳು: ಮಲಗಿದಾಗ ಉಸಿರು ಕಟ್ಟುವುದು, ಕಾಲು ಊದಿಕೊಳ್ಳುವುದು, ನಡೆದಾಗ ದಮ್ಮು ಬರುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಬನ್ನಿ. ಆ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೆರಡು ಗೆರೆ. ಕೊನೆಯಲ್ಲಿ ತೋರಿಸಿಕೊಳ್ಳಬೇಕಾದ ತಾರೀಕು. ಅದು ಕಳೆದು ನಾಲ್ಕು ದಿನವಾಗಿತ್ತು.

ಕೌಂಟರಿಗೆ ಬಂದಳು. ಅವನು ಟವೆಲು ಮಡಿಸುತ್ತಿದ್ದ.

"ರೀ, ಚಪ್ಪಲಿ ಹಾಕ್ಕೊಳ್ಳಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕಂದು ಕೋಟಿನ ಜೇಬಲ್ಲಿ ಬರೆದಿಟ್ಟಿದ್ದೀರಲ್ಲ, ಅಲ್ಲಿಗೆ."

ಅವನ ಕೈಯಲ್ಲಿನ ಟವೆಲು ಅರ್ಧಕ್ಕೆ ನಿಂತಿತು. "ಆ ಕೋಟನ್ನ ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ!"

"ನೀವು ಮುಟ್ಟಿಲ್ಲ. ನಾನು ತಿಂಗಳಿಗೊಂದ್ಸಲ ಬಿಸಿಲಿಗೆ ಹಾಕ್ತೀನಿ. ಏಳ್ರಿ."

ಚಪ್ಪಲಿಯ ಪಟ್ಟಿ ಅವನ ಕಾಲಿಗೆ ಹತ್ತಲಿಲ್ಲ. ಪಾದ ಊದಿಕೊಂಡು ನುಣ್ಣಗೆ ಹೊಳೆಯುತ್ತಿತ್ತು. ಅವಳು ಬಗ್ಗಿ ಪಟ್ಟಿ ಬಿಚ್ಚಿ, ತನ್ನ ಹಳೆಯ ರಬ್ಬರ್ ಚಪ್ಪಲಿಯನ್ನೇ ಅವನ ಕಾಲಿಗೆ ತೊಡಿಸಿದಳು. ಗುಲಾಬಿ ಪಟ್ಟಿಯ ಚಪ್ಪಲಿ. ಬೇರೆ ದಿನವಾಗಿದ್ದರೆ ಅವನು ಇದಕ್ಕೊಂದು ಪ್ರಹಸನ ಮಾಡುತ್ತಿದ್ದ. ಅಂದು ಸುಮ್ಮನೆ ಹಾಕಿಕೊಂಡ.

ಡಾಕ್ಟರು ಎದೆಗೆ ಯಂತ್ರ ಹಿಡಿದು ನೋಡಿದರು, ಪಾದ ಒತ್ತಿ ನೋಡಿದರು, ಬೆರಳು ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಕಾಗದ ನೋಡಿದರು. "ಯಜಮಾನ್ರೇ, ನಾನು ಅಷ್ಟು ಬಿಡಿಸಿ ಹೇಳಿದ್ದೆನಲ್ಲ?" ಎಂದರು. ಅವನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದ. ಅಲ್ಲಿ ಬಲ್ಬು ಇರಲಿಲ್ಲ.

"ನನಗೆ ಬಿಡಿಸಿ ಹೇಳಿ ಡಾಕ್ಟ್ರೇ" ಎಂದಳು ಇಸ್ತ್ರಿಯಕ್ಕ. "ನಾಳ ತೆರೆದಿದೆ ಅಂದ್ರಿ. ತೆರೆದಿದ್ರೆ ಇವರಿಗೆ ಯಾಕೆ ಹೀಗಾಗ್ತಿದೆ?"

"ತೆರೆದಿದೆ ಅಮ್ಮ, ಅದರಲ್ಲಿ ಅನುಮಾನ ಇಲ್ಲ. ದೊಡ್ಡ ನಾಳ ಚೆನ್ನಾಗೇ ಇದೆ. ಅದರ ಮುಂದೆ ಕೂದಲಿಗಿಂತ ಸಣ್ಣ ನಾಳಗಳಿರ್ತವೆ. ಹೃದಯದ ಮಾಂಸಕ್ಕೆ ರಕ್ತ ಹಂಚೋದು ಅವೇ. ಹೆಪ್ಪುಗಟ್ಟಿದ ರಕ್ತದ ಚೂರುಗಳು ಹೋಗಿ ಅಲ್ಲಿ ಸಿಕ್ಕಿಕೊಂಡಿವೆ, ಆ ಜಾಗ ಊದಿಕೊಂಡೂ ಇದೆ. ದಾರಿ ತೆರೆದರೂ ರಕ್ತ ಮಾಂಸಕ್ಕೆ ಸರಿಯಾಗಿ ತಲುಪ್ತಿಲ್ಲ. ಅದಕ್ಕೇ ಹೃದಯ ಸೋತಿದೆ."

ಇಸ್ತ್ರಿಯಕ್ಕ ಒಂದು ಗಳಿಗೆ ಯೋಚಿಸಿದಳು. "ಬಾಯ್ಲರಲ್ಲಿ ಹಬೆ ಇದೆ, ಪೈಪೂ ಸರಿಯಾಗಿದೆ. ಪೆಟ್ಟಿಗೆಯ ತಳದ ತೂತು ಕಟ್ಕೊಂಡಿವೆ. ಅಷ್ಟು ತಾನೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಷ್ಟೇ."

"ನಾವಾದ್ರೆ ಸೂಜಿ ಹಾಕಿ ಬಿಡಿಸ್ತೀವಿ."

"ನಮ್ಮ ಹತ್ರ ಅಷ್ಟು ಸಣ್ಣ ಸೂಜಿ ಇಲ್ಲಮ್ಮ. ಆವತ್ತೇ ಔಷಧಿ ಬಿಟ್ಟು ನೋಡಿದ್ವಿ. ಕೆಲವು ತಾವಾಗೇ ಬಿಡಿಸಿಕೊಳ್ತವೆ, ತಿಂಗಳುಗಳು ಹಿಡಿಯುತ್ತೆ. ಕೆಲವು ಬಿಡಿಸಿಕೊಳ್ಳಲ್ಲ. ಯಾವುದೆಷ್ಟು ಅಂತ ಈಗಲೇ ಹೇಳೋಕಾಗಲ್ಲ. ಮೈಯಲ್ಲಿ ನಿಂತ ನೀರು ಇಳಿಯೋಕೆ ಮಾತ್ರೆ ಕೊಡ್ತೀನಿ, ಹೃದಯದ ಭಾರ ಇಳಿಸೋಕೆ ಬೇರೆ. ಷಟರ್ ಎತ್ತೋದು, ಮೂಟೆ ಹೊರೋದು ಬೇಡ. ದಿನಾ ತೂಕ ನೋಡಿ, ಏರಿದ್ರೆ ತಕ್ಷಣ ಬನ್ನಿ."

ಇಲ್ಲಿಗೆ ಎದ್ದು ಬರಬಹುದಿತ್ತು. ಇಸ್ತ್ರಿಯಕ್ಕ ಏಳಲಿಲ್ಲ.

"ತೂತು ಯಾಕೆ ಕಟ್ಕೊಳ್ತವೆ ಡಾಕ್ಟ್ರೇ?"

"ಹಲವು ಕಾರಣ ಇರುತ್ತೆ. ಬರೋದು ತಡವಾದ್ರೂ ಹೀಗಾಗೋದುಂಟು. ನಿಮ್ಮದರಲ್ಲಿ ಹಾಗಿಲ್ಲ ಬಿಡಿ." ಡಾಕ್ಟರು ಕಾಗದದ ಮೇಲೆ ಬೆರಳಾಡಿಸಿದರು. "ಹತ್ತು ನಿಮಿಷಕ್ಕೆ ಹೊರಟಿದ್ದೀವಿ ಅಂತ ಬರೆಸಿದ್ದೀರಲ್ಲ."

"ಸುಳ್ಳು" ಎಂದಳು ಇಸ್ತ್ರಿಯಕ್ಕ.

ಅವಳು ಎಲ್ಲ ಹೇಳಿದಳು. ಅವನು ಬಂದು ಹೇಳಿದ್ದು, ತಾನು ಅಣಕಿಸಿದ್ದು, ಪರೀಕ್ಷೆ ಮಾಡಿದ್ದು, ಅಂಗಿ ಹನ್ನೊಂದು, ಅಂಗಿಗೆ ನಾಲ್ಕು ನಿಮಿಷ. "ಮುಖಾನೂ ತೊಳ್ಕೊಂಡೆ ಡಾಕ್ಟ್ರೇ. ಬೈಯೋಕೆ ಹೋಗೋ ಮುಂಚೆ ಮುಖ ತೊಳ್ಕೊಂಡೆ. ಮುಕ್ಕಾಲು ಗಂಟೆ ಮೇಲಾಯ್ತು. ಇವರ ಎದೆ ನಾನೇ ಕೆಡಿಸಿದ್ದು." ಹೇಳುವಾಗ ಅವಳಿಗೆ ಅಳು ಬರಲಿಲ್ಲ. ಅದೇ ಅವಳಿಗೆ ಅಸಹ್ಯವಾಯಿತು.

"ಇವಳ ಮಾತು ಬರ್ಕೋಬೇಡಿ" ಎಂದ ನಾಳೆರಾಯ. ಬಂದಾಗಿನಿಂದ ಮೊದಲ ಸಲ ಬಾಯಿ ಬಿಟ್ಟಿದ್ದ. "ನೋವು ಶುರುವಾಗಿದ್ದು ಬೆಳಿಗ್ಗೆ ಐದಕ್ಕೆ."

"ಏನು?"

"ಐದಕ್ಕೆ. ಕುತ್ತಿಗೆವರೆಗೂ ಹಿಡ್ಕೊಂಡಿತ್ತು. ಸೋಮವಾರ ಅಲ್ವಾ, ಹೇಳಿದ್ರೆ ನಗ್ತಾಳೆ ಅಂತ ಸುಮ್ಮನಿದ್ದೆ. ಒಂಬತ್ತಕ್ಕೆ ತಡೆಯೋಕಾಗ್ಲಿಲ್ಲ, ಆಗ ಹೇಳಿದ್ದು. ನಾಲ್ಕು ಗಂಟೆ ನಾನೇ ತಿಂದಿದ್ದೀನಿ. ಅದರ ಮುಂದೆ ಇವಳ ಅಂಗಿ ಯಾವ ಲೆಕ್ಕ?"

"ಐದಕ್ಕೆ ನೀವು ಗೊರಕೆ ಹೊಡೀತಿದ್ರಿ!"

"ನೀನು ಹೊಡೀತಿದ್ದೆ. ನನ್ನದು ಅಂತ ಅನ್ಕೊಂಡಿದ್ದೀಯ."

"ನಾನು ಗೊರಕೆ ಹೊಡೆಯಲ್ಲ ರೀ!"

"ಇಪ್ಪತ್ತಾರು ವರ್ಷದಿಂದ ಹೊಡೀತಿದ್ದೀಯ. ಹೇಳಿದ್ರೆ ಬೇಜಾರು ಮಾಡ್ಕೋತೀಯ ಅಂತ ಹೇಳಿಲ್ಲ."

"ಹನ್ನೊಂದು ಅಂಗಿ ರೀ! ಹನ್ನೊಂದು!"

"ಗೊತ್ತು ಕಣೇ. ಮೇಲೆ ಕೂತು ಹಬೆ ಬಿಡೋ ಸದ್ದು ಎಣಿಸ್ತಾ ಇದ್ದೆ." ಅವನು ಅಲ್ಲಿಗೆ ನಿಲ್ಲಿಸಿ ಉಸಿರು ತೆಗೆದುಕೊಂಡ. "ಎದೆ ಸೋತಿದೆ ಅಂತ ತಿಳಿದ್ರೆ ನೀನೂ ಆ ಅಂಗಿ ಎಣಿಸ್ತಾ ಕೂರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಆ ಕಾಗದ ಬಚ್ಚಿಟ್ಟಿದ್ದು."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ತಪ್ಪು ತನ್ನದಲ್ಲ ಎಂದು ಜಗಳವಾಡುವ ಸಂಸಾರಗಳನ್ನು ಅವರು ದಿನಾ ನೋಡುತ್ತಿದ್ದರು. ತಪ್ಪು ತನ್ನದೇ ಎಂದು ಮೇಜು ಗುದ್ದುವವರು ಅಪರೂಪ. "ಏನಂತ ಬರೀಲಿ ನಾನು?" ಎಂದರು.

"ಐದು" ಎಂದ ಅವನು.

"ಒಂಬತ್ತು" ಎಂದಳು ಅವಳು.

ಅವರು ಏನು ಬರೆದರೋ ಅವಳಿಗೆ ಕಾಣಲಿಲ್ಲ. "ಐದೇ ಆಗಿರಲಿ, ಒಂಬತ್ತೇ ಆಗಿರಲಿ, ಮಾತ್ರೆ ಇವೇ" ಎಂದು ಚೀಟಿ ಹರಿದು ಕೊಟ್ಟರು.

ಆಸ್ಪತ್ರೆಯಿಂದ ಬಸ್ಸಿನ ಸ್ಟಾಪಿಗೆ ಇನ್ನೂರು ಹೆಜ್ಜೆ. ಇಸ್ತ್ರಿಯಕ್ಕ ಅವನ ಪಕ್ಕದಲ್ಲಿ ನಡೆಯುತ್ತ ಅವನ ಮುಖವನ್ನು ಓರೆಗಣ್ಣಲ್ಲಿ ನೋಡಿದಳು. ಈ ಮುಖದ ಸುಳ್ಳುಗಳೆಲ್ಲ ಅವಳಿಗೆ ಬಾಯಿಪಾಠ. ಸುಳ್ಳು ಹೇಳುವಾಗ ಹುಬ್ಬು ಮೇಲೇರುತ್ತದೆ, ದನಿ ತೆಳ್ಳಗಾಗುತ್ತದೆ, ಕೈ ಎಲ್ಲಾದರೂ ಒಂದು ಕಡೆ ನೋಯುವ ಜಾಗ ಹುಡುಕಿಕೊಳ್ಳುತ್ತದೆ. 'ಐದಕ್ಕೆ' ಎಂದಾಗ ಹುಬ್ಬು ಏರಿರಲಿಲ್ಲ. ಕೈ ಮಡಿಲಲ್ಲೇ ಇತ್ತು. ನಿಜವೇ ಇರಬಹುದು. ಇಲ್ಲವೇ, ಈ ಹದಿನೈದು ದಿನ ಬಲ್ಬು ನೋಡಿ ನೋಡಿ ಚೆನ್ನಾಗಿ ನಟಿಸುವುದನ್ನು ಕಲಿತಿರಬಹುದು. ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ಅವನ ವಿಷಯದಲ್ಲಿ ಅವಳಿಗೆ ಗೊತ್ತಾಗದೆ ಹೋದದ್ದು ಇದೇ ಮೊದಲು. ಕೇಳಿಯೇ ಬಿಡೋಣ ಎಂದು ಬಾಯಿ ತೆರೆದಳು.

ಅವನು ನಿಂತುಬಿಟ್ಟಿದ್ದ. ಒಂದು ಅಂಗಡಿಯ ಗಾಜಿನ ಮುಂದೆ ನಿಂತು ಒಳಗಿನ ಸರಕನ್ನು ಬಹಳ ಗಂಭೀರವಾಗಿ ನೋಡುತ್ತಿದ್ದ. ಒಂದು ಕೈ ಗಾಜಿನ ಚೌಕಟ್ಟಿನ ಮೇಲಿತ್ತು. ಬೆರಳುಗಳು ಬಿಳಿಚಿದ್ದವು. ಭುಜ ಮೇಲೆ ಕೆಳಗೆ ಆಡುತ್ತಿತ್ತು. ನಾದಿನಿಯ ಸಂಜೆಯ ವಾಕಿಂಗಿನಲ್ಲಿ ಇವನು ಹೇಗೆ ಬೀದಿಯ ತುದಿ ಮುಟ್ಟಿ ಬರುತ್ತಿದ್ದ ಎಂದು ಅವಳಿಗೆ ಆಗ ಅರ್ಥವಾಯಿತು. ಅಂಗಡಿ ಅಂಗಡಿ ನೋಡಿಕೊಂಡು.

ಈ ಅಂಗಡಿ ಕಮೋಡಿನದು. ಗಾಜಿನ ಒಳಗೆ, ಒಂದು ಎತ್ತರದ ಪೀಠದ ಮೇಲೆ, ದೀಪದ ಬೆಳಕಿನಲ್ಲಿ ಒಂದು ಗುಲಾಬಿ ಬಣ್ಣದ ಕಮೋಡು ಕೂತಿತ್ತು.

"ಚೆನ್ನಾಗಿದೆ ಅಲ್ವೇನೇ?" ಎಂದ ಅವನು, ಎರಡು ಉಸಿರಿನ ನಡುವೆ.

ಇಸ್ತ್ರಿಯಕ್ಕ ಅವನ ಪಕ್ಕ ಬಂದು ನಿಂತಳು. ಭುಜಕ್ಕೆ ಭುಜ ಕೊಟ್ಟು, ಅವನ ಭಾರ ಸ್ವಲ್ಪ ತನ್ನ ಮೇಲೆ ಬರುವಂತೆ. ಕೇಳಬೇಕೆಂದಿದ್ದದ್ದನ್ನು ಕೇಳಲಿಲ್ಲ. "ಚೆನ್ನಾಗಿದೆ" ಎಂದಳು. "ನಮ್ಮದು ಬಹಳ ಹಳೇದಾಯ್ತು."

ಅಂಗಡಿಯವನು ಬಾಗಿಲು ತೆರೆದು ಹೊರಗೆ ಬಂದ. "ಬನ್ನಿ ಅಕ್ಕಾ, ಹೊಸಾ ಮಾಡೆಲ್. ಇದನ್ನೇ ಕೊಡ್ಲಾ?"

ಅವಳು ಗಂಡನ ಭುಜದ ಕಡೆ ನೋಡಿದಳು. ಅದು ಇನ್ನೂ ಏರಿಳಿಯುತ್ತಿತ್ತು.

"ಇದೇ ಅಂತ ಇಲ್ಲಪ್ಪಾ" ಎಂದಳು. "ಬೇರೆ ಬಣ್ಣ ಏನೇನಿದೆ, ಒಂದೊಂದಾಗಿ ಹೇಳು. ನಿಧಾನಕ್ಕೆ."